ಎರಡು ಪ್ರಶ್ನೆಪತ್ರಿಕೆಗಳ ನಡುವಿನ ಕೊಂಡಿ: ಪರೀಕ್ಷಾಂಕಗಳನ್ನು ಸರಿದೂಗಿಸಿದ ಇತಿಹಾಸ

1926ರ ಜೂನ್ 23ರಂದು ಅಮೆರಿಕದಲ್ಲಿ ಸುಮಾರು ಎಂಟು ಸಾವಿರ ವಿದ್ಯಾರ್ಥಿಗಳು ಮೊತ್ತಮೊದಲ ಎಸ್‌ಎಟಿ ಪರೀಕ್ಷೆ ಬರೆದರು. ಕಾಲೇಜು ಪ್ರವೇಶಕ್ಕಾಗಿ ಅದನ್ನು ಸಿದ್ಧಪಡಿಸಿದ ಸಮಿತಿಯ ಮುಖ್ಯಸ್ಥ ಪ್ರಿನ್ಸ್‌ಟನ್‌ನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್. ಎಷ್ಟು ಉತ್ತರ ಸರಿಯಾಗಿವೆ ಎಂದು ಎಣಿಸಿ ಆ ಸಂಖ್ಯೆಯನ್ನು ನೇರವಾಗಿ ಕಾಲೇಜುಗಳಿಗೆ ಕಳಿಸುತ್ತಿರಲಿಲ್ಲ. ಬರೆದವರೆಲ್ಲರ ಸರಾಸರಿ 500, ಮಾನಕ ವಿಚಲನೆ 100 ಆಗುವಂತೆ ಅಂಕಗಳನ್ನು ಬದಲಿಸಿ ಕಳಿಸಲಾಗುತ್ತಿತ್ತು. ಮುಂದಿನ ಹದಿನೈದು ವರ್ಷ ಪ್ರತಿ ಪರೀಕ್ಷೆಗೂ ಇದೇ ಲೆಕ್ಕವನ್ನು ಹೊಸದಾಗಿ ಮಾಡಲಾಯಿತು.

ಈ ಲೆಕ್ಕದೊಳಗೆ ಒಂದು ದೊಡ್ಡ ನಂಬಿಕೆ ಅಡಗಿತ್ತು: ಪ್ರತಿ ಸಲ ಪರೀಕ್ಷೆಗೆ ಕೂರುವ ಗುಂಪು ಒಂದೇ ಮಟ್ಟದ್ದು ಎಂಬ ನಂಬಿಕೆ. ಜಾಣರೇ ಹೆಚ್ಚಾಗಿ ಬಂದ ವರ್ಷವೂ ಸರಾಸರಿ 500, ಸಾಧಾರಣ ಮಕ್ಕಳು ತುಂಬಿದ ವರ್ಷವೂ 500. ಜಾಣರ ನಡುವೆ ಸಿಕ್ಕಿಬಿದ್ದ ವಿದ್ಯಾರ್ಥಿಯ ಅಂಕ ಅವನದಲ್ಲದ ಕಾರಣಕ್ಕೆ ಇಳಿಯುತ್ತಿತ್ತು. ಜೂನ್ ಪರೀಕ್ಷೆಯೊಂದೇ ಇದ್ದಾಗ ಇದು ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ವಿದ್ಯಾರ್ಥಿವೇತನದ ಸಲುವಾಗಿ ಏಪ್ರಿಲ್‌ನಲ್ಲೂ ಪರೀಕ್ಷೆ ಆರಂಭವಾದ ಮೇಲೆ ಒಂದೇ ವರ್ಷ ಎರಡು ಬಗೆಯ ಗುಂಪುಗಳು ಎದುರಾದವು. ಯಾವ ತಿಂಗಳಲ್ಲಿ ಬರೆದರೆ ಲಾಭ ಎಂದು ವಿದ್ಯಾರ್ಥಿ ಯೋಚಿಸಬೇಕಾದ ಸ್ಥಿತಿ ಬಂದರೆ ಆ ಪರೀಕ್ಷೆಯನ್ನು ನ್ಯಾಯದ್ದು ಎನ್ನಲಾಗದು.

1941ರ ಏಪ್ರಿಲ್‌ನಲ್ಲಿ ಇದಕ್ಕೆ ಪರಿಹಾರ ಸಿಕ್ಕಿತು. ಆ ತಿಂಗಳು ಭಾಷಾ ಭಾಗವನ್ನು ಬರೆದ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಸರಾಸರಿಯನ್ನು 500 ಎಂದು ನಿಗದಿ ಮಾಡಿದರು. ಆಮೇಲೆ ಅದನ್ನು ಕದಲಿಸಲಿಲ್ಲ. ನಂತರದ ಪ್ರತಿ ಪತ್ರಿಕೆಯನ್ನೂ ಹಳೆಯ ಪತ್ರಿಕೆಗಳ ಮೂಲಕ ಆ ಏಪ್ರಿಲ್‌ಗೆ ಜೋಡಿಸುತ್ತ ಹೋದರು. ಮುಂದಿನ ವರ್ಷ ಗಣಿತಕ್ಕೂ ಇದೇ ವ್ಯವಸ್ಥೆ ಬಂತು. ಪರೀಕ್ಷಾಂಕಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ ಎಂದು ನಾನು ಭಾವಿಸುತ್ತೇನೆ. ವಿದ್ಯಾರ್ಥಿಯ ಅಂಕವು ಅವನ ಪಕ್ಕ ಕೂತವರನ್ನು ಅವಲಂಬಿಸುವುದು ಅಂದಿಗೆ ನಿಂತಿತು.

ಜೋಡಿಸುವುದು ಹೇಗೆ? ಎರಡು ಪತ್ರಿಕೆಗಳಿಗೂ ಸಮಾನವಾದ ಕೆಲವು ಪ್ರಶ್ನೆಗಳನ್ನು ಇಡುತ್ತಾರೆ. ಇವನ್ನು ಕೊಂಡಿ ಪ್ರಶ್ನೆಗಳು ಎನ್ನೋಣ. ಹೋದ ವರ್ಷದ ತಂಡ ಮುಖ್ಯ ಪತ್ರಿಕೆಯಲ್ಲಿ ಸರಾಸರಿ 60, ಈ ವರ್ಷದ ತಂಡ ಹೊಸ ಪತ್ರಿಕೆಯಲ್ಲಿ ಸರಾಸರಿ 55 ಪಡೆದಿದೆ ಎಂದಿಟ್ಟುಕೊಳ್ಳಿ. ತಂಡ ದುರ್ಬಲವೋ ಪತ್ರಿಕೆ ಕಠಿಣವೋ ಎಂಬುದನ್ನು ಈ ಎರಡು ಸಂಖ್ಯೆಗಳು ಎಂದಿಗೂ ಹೇಳಲಾರವು. ಇಬ್ಬರೂ ಬರೆದ 20 ಕೊಂಡಿ ಪ್ರಶ್ನೆಗಳಲ್ಲಿ ಎರಡೂ ತಂಡಗಳ ಸರಾಸರಿ 12 ಬಂದರೆ ವಿಷಯ ತಿಳಿಯಾಗುತ್ತದೆ: ತಂಡಗಳು ಸಮ, ಪತ್ರಿಕೆಯೇ ಕಠಿಣ. ಈ ವರ್ಷದವರು ಅಲ್ಲಿಯೂ ಹಿಂದೆ ಬಿದ್ದು ಸರಾಸರಿ 9 ಪಡೆದರೆ, ಆ ಐದು ಅಂಕಗಳ ಕೊರತೆಯಲ್ಲಿ ವಿದ್ಯಾರ್ಥಿಗಳ ಪಾಲೂ ಇದೆ. ಅದು ಎಷ್ಟು ಎಂದು ಅಳೆಯಲು ಲೆಡ್ಯಾರ್ಡ್ ಟಕರ್ ಅವರ ವಿಧಾನ, 1955ರ ಲೆವಿನ್ ವಿಧಾನ ಮುಂತಾದವು ಹುಟ್ಟಿಕೊಂಡವು. ವಿಲಿಯಂ ಆಂಗಾಫ್ 1971ರಲ್ಲಿ ಬರೆದ ದೀರ್ಘ ಅಧ್ಯಾಯವೊಂದು ಇವೆಲ್ಲವನ್ನೂ ಒಂದೆಡೆ ಕಲೆಹಾಕಿತು. ಈ ಕ್ಷೇತ್ರದವರು ಇಂದಿಗೂ ಅದಕ್ಕೆ ಮರಳುತ್ತಾರೆ. ಕೊಂಡಿ ಪ್ರಶ್ನೆಗಳಿಲ್ಲದೆಯೂ ಒಂದು ದಾರಿಯಿದೆ: ಒಂದೇ ಕೊಠಡಿಯಲ್ಲಿ ಎರಡು ಪತ್ರಿಕೆಗಳನ್ನು ಒಬ್ಬರು ಬಿಟ್ಟು ಒಬ್ಬರಿಗೆ ಹಂಚಿದರೆ ಎರಡು ಗುಂಪುಗಳೂ ಸಹಜವಾಗಿ ಸಮನಾಗುತ್ತವೆ.

ಹೀಗೆ ಕಟ್ಟಿದ ಅಳತೆಗೋಲು ಎಷ್ಟು ಉಪಯುಕ್ತ ಎಂಬುದು ಸಂಕಟದ ಕಾಲದಲ್ಲಿ ಗೊತ್ತಾಯಿತು. 1963ರಲ್ಲಿ 478 ಇದ್ದ ಭಾಷಾ ಸರಾಸರಿ 1977ಕ್ಕೆ 429ಕ್ಕೆ ಇಳಿಯಿತು. ಗಣಿತದ್ದೂ 502ರಿಂದ 470ಕ್ಕೆ ಬಂತು. ಹಿಂದಿನ ಕಾರ್ಮಿಕ ಕಾರ್ಯದರ್ಶಿ ವಿಲ್ಲರ್ಡ್ ವರ್ಟ್ಜ್ ನೇತೃತ್ವದ ಸಮಿತಿ ಇದರ ಕಾರಣಗಳನ್ನು ಹುಡುಕಿ 1977ರಲ್ಲಿ ವರದಿ ಕೊಟ್ಟಿತು. ಅಳತೆಗೋಲೇ ಜಾರಿರಬಹುದೇ ಎಂಬ ಪ್ರಶ್ನೆಯನ್ನೂ ಅದು ಎತ್ತಿಕೊಂಡಿತು. ಗೋಲು ತುಸು ಜಾರಿದ್ದು ನಿಜ. ಆದರೆ ಅದು ಜಾರಿದ್ದು ವಿದ್ಯಾರ್ಥಿಗಳಿಗೆ ಅನುಕೂಲವಾಗುವ ಕಡೆಗೆ. ಅಂದರೆ ನಿಜವಾದ ಕುಸಿತ ಕಂಡದ್ದಕ್ಕಿಂತಲೂ ಹೆಚ್ಚು. ಬ್ರಿಗಮ್ ಕಾಲದ ಪದ್ಧತಿಯೇ ಮುಂದುವರಿದಿದ್ದರೆ ಸರಾಸರಿ ಎಲ್ಲ ವರ್ಷವೂ 500 ಎಂದೇ ತೋರುತ್ತಿತ್ತು, ದೇಶಕ್ಕೆ ಏನೂ ತಿಳಿಯುತ್ತಿರಲಿಲ್ಲ. ಕೊನೆಗೆ 1995ರಲ್ಲಿ 1941ರ ನೆಲೆಯನ್ನು ಕೈಬಿಟ್ಟು, 1990ರ ಹತ್ತು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಹೊಸ ನೆಲೆಯಾಗಿ ತೆಗೆದುಕೊಂಡರು. 1995ರ ಭಾಷಾ ಸರಾಸರಿ 428 ಇದ್ದದ್ದು 504 ಎಂದು ಬದಲಾಯಿತು. ಹಳೆಯ ಅಂಕವನ್ನು ಹೊಸದಕ್ಕೆ ತಿರುಗಿಸುವ ಪಟ್ಟಿಯನ್ನೂ ಜೊತೆಗೇ ಪ್ರಕಟಿಸಿದ್ದರಿಂದ ಹಿಂದಿನವರೊಂದಿಗೆ ಹೋಲಿಕೆ ಕಡಿದುಹೋಗಲಿಲ್ಲ.

ಕೊಂಡಿ ಎಷ್ಟು ನಾಜೂಕು ಎಂಬುದಕ್ಕೆ ನನ್ನನ್ನು ಬಹುವಾಗಿ ಕಾಡುವ ಉದಾಹರಣೆ ಅಮೆರಿಕದ ರಾಷ್ಟ್ರೀಯ ಶಿಕ್ಷಣ ಸಮೀಕ್ಷೆಯದು. 1984 ಮತ್ತು 1986ರ ನಡುವೆ, ಕೇವಲ ಎರಡು ವರ್ಷಗಳಲ್ಲಿ, 17 ವರ್ಷದವರ ಓದುವ ಸಾಮರ್ಥ್ಯ ನಂಬಲಾಗದಷ್ಟು ಕುಸಿದಂತೆ ಕಂಡಿತು. ಪ್ರಶ್ನೆಗಳು ಅವೇ ಆಗಿದ್ದವು. ಆದರೆ ಅವುಗಳ ಕ್ರಮ, ಪುಸ್ತಿಕೆಯಲ್ಲಿ ಅವುಗಳ ಅಕ್ಕಪಕ್ಕದ ಭಾಗಗಳು, ಉತ್ತರಿಸಲು ಕೊಟ್ಟ ಸಮಯ ಬದಲಾಗಿದ್ದವು. 1988ರಲ್ಲಿ ಹಳೆಯ ಹಾಗೂ ಹೊಸ ಪುಸ್ತಿಕೆಗಳನ್ನು ಸಮಾನ ಗುಂಪುಗಳಿಗೆ ಹಂಚಿ ನೋಡಿದಾಗ ಕುಸಿತದ ಬಹುಭಾಗ ಈ ಬದಲಾವಣೆಗಳಿಂದಲೇ ಹುಟ್ಟಿದ್ದು ಎಂದು ಗೊತ್ತಾಯಿತು. ಆಲ್ಬರ್ಟ್ ಬೀಟನ್ ಮತ್ತು ರೆಬೆಕಾ ಜ್ವಿಕ್ 1990ರಲ್ಲಿ ಪ್ರಕಟಿಸಿದ ವರದಿ, ಕೊಂಡಿ ಪ್ರಶ್ನೆಯ ಸುತ್ತಲಿನ ಸನ್ನಿವೇಶವೂ ಅದರ ಭಾಗವೇ ಎಂದು ಈ ಕ್ಷೇತ್ರಕ್ಕೆ ಮನವರಿಕೆ ಮಾಡಿಕೊಟ್ಟಿತು.

ಸಿದ್ಧಾಂತದ ಕಡೆಯಿಂದ ಕಟ್ಟುನಿಟ್ಟಾದ ಮಾತು ಬಂದದ್ದು ಫ್ರೆಡರಿಕ್ ಲಾರ್ಡ್ ಅವರಿಂದ. ಎರಡರಲ್ಲಿ ಯಾವ ಪತ್ರಿಕೆ ಕೈಗೆ ಬಂದರೂ ವಿದ್ಯಾರ್ಥಿಗೆ ವ್ಯತ್ಯಾಸವಾಗಬಾರದು. ಸರಿದೂಗಿಸುವುದಕ್ಕೆ ಇದೇ ಒರೆಗಲ್ಲು ಎಂದು ಅವರು 1980ರಲ್ಲಿ ವಾದಿಸಿದರು. ಪೂರ್ತಿ ಒಂದೇ ತೆರನಾದ ಪತ್ರಿಕೆಗಳು ಮಾತ್ರ ಈ ಷರತ್ತನ್ನು ಈಡೇರಿಸಬಲ್ಲವು, ಅಂಥವಕ್ಕೆ ಸರಿದೂಗಿಸುವ ಅಗತ್ಯವೇ ಇಲ್ಲ ಎಂದೂ ಅವರೇ ತೋರಿಸಿದರು. ಇದನ್ನು ಕೇಳಿ ಕೆಲಸ ನಿಲ್ಲಿಸಬೇಕಿಲ್ಲ. ಆದರೆ ಪತ್ರಿಕೆಗಳು ಒಂದೇ ಪಠ್ಯವನ್ನು, ಒಂದೇ ಬಗೆಯಲ್ಲಿ ಅಳೆಯದೆ ಹೋದಾಗ ಯಾವ ಸೂತ್ರವೂ ಕೈಹಿಡಿಯದು ಎಂಬ ಎಚ್ಚರ ಇದರಲ್ಲಿದೆ. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯೊಂದು ಬೇರೆ ಬೇರೆ ರಾಜ್ಯಗಳ ಪರೀಕ್ಷೆಗಳನ್ನು ಒಂದೇ ಮಾನದಂಡಕ್ಕೆ ತರಲಾಗದು ಎಂದು ಹೇಳಿದ್ದೂ ಇದೇ ಕಾರಣಕ್ಕೆ.

ಭಾರತದಲ್ಲಿ ಈ ಕೆಲಸ ನಾರ್ಮಲೈಸೇಶನ್ ಎಂಬ ಹೆಸರಿನಲ್ಲಿ ಬಂತು, ಕೊಂಡಿಯಿಲ್ಲದೆ ಬಂತು. 2013ರಿಂದ 2016ರವರೆಗೆ ಜೆಇಇ ಮೇನ್ ರ‍್ಯಾಂಕಿಗೆ ಹನ್ನೆರಡನೇ ತರಗತಿಯ ಅಂಕಗಳಿಗೆ ಶೇ. 40ರಷ್ಟು ತೂಕವಿತ್ತು. ದೇಶದ ನಾನಾ ಮಂಡಳಿಗಳ ಅಂಕಗಳನ್ನು ಪರ್ಸೆಂಟೈಲ್ ಮೂಲಕ ಹೋಲಿಸುತ್ತಿದ್ದರು. 2017ರಿಂದ ಅದನ್ನು ಕೈಬಿಡಲಾಯಿತು. 2019ರಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಅದೇ ಪರೀಕ್ಷೆಯನ್ನು ಹಲವು ಪಾಳಿಗಳಲ್ಲಿ ನಡೆಸಿ, ಆಯಾ ಪಾಳಿಯಲ್ಲಿ ವಿದ್ಯಾರ್ಥಿಗೆ ಸಿಕ್ಕ ಪರ್ಸೆಂಟೈಲನ್ನೇ ಅಂಕವಾಗಿ ಕೊಡುತ್ತಿದೆ. ಗೇಟ್ ಪರೀಕ್ಷೆ ಪ್ರತಿ ಪಾಳಿಯ ಮೇಲ್ತುದಿಯ ಶೇ. 0.1 ಮಂದಿಯ ಸರಾಸರಿಯನ್ನೂ, ಪಾಳಿಯ ಸರಾಸರಿಗೆ ಮಾನಕ ವಿಚಲನೆ ಕೂಡಿಸಿದ ಮೊತ್ತವನ್ನೂ ಆಧಾರವಾಗಿ ಹಿಡಿಯುತ್ತದೆ. ಪಾಳಿಗಳ ಹಂಚಿಕೆ ನಿಜಕ್ಕೂ ಲಾಟರಿಯಂತೆ ನಡೆದು, ಪ್ರತಿ ಪಾಳಿಯಲ್ಲೂ ಬಹಳ ಜನ ಇದ್ದರೆ ಇವೆರಡನ್ನೂ ಸಮರ್ಥಿಸಬಹುದು. ಆದರೆ ಜೆಇಇ ಮೇನ್‌ನ ಜನವರಿ ಸುತ್ತಿಗೂ ಏಪ್ರಿಲ್‌ಗೂ ಬರುವ ಗುಂಪು ಒಂದೇ ಎನ್ನಲು ಆಧಾರ ಬೇಕು. 1941ರಲ್ಲಿ ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್ ಕೈಬಿಟ್ಟದ್ದು ಇಂಥದೇ ನಂಬಿಕೆಯನ್ನು. 2024ರ ನವೆಂಬರ್‌ನಲ್ಲಿ ಪ್ರಯಾಗರಾಜ್‌ನ ಅಭ್ಯರ್ಥಿಗಳು ಉತ್ತರ ಪ್ರದೇಶ ಲೋಕಸೇವಾ ಆಯೋಗದ ಮುಂದೆ ನಾರ್ಮಲೈಸೇಶನ್ ವಿರೋಧಿಸಿ ಪ್ರತಿಭಟಿಸಿದಾಗ ಆಯೋಗ ತನ್ನ ಪೂರ್ವಭಾವಿ ಪರೀಕ್ಷೆಯನ್ನು ಒಂದೇ ದಿನ ನಡೆಸಲು ಒಪ್ಪಿತು. ಅವರ ಅಪನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು.

ಕರ್ನಾಟಕಕ್ಕೆ ಈ ಪ್ರಶ್ನೆ ತೀರಾ ಹತ್ತಿರ ಬಂದದ್ದು 2022ರಲ್ಲಿ. ಕೋವಿಡ್‌ನಿಂದಾಗಿ 2021ರ ದ್ವಿತೀಯ ಪಿಯು ಪರೀಕ್ಷೆ ರದ್ದಾಗಿತ್ತು. ಎಸ್‌ಎಸ್‌ಎಲ್‌ಸಿಗೆ ಶೇ. 45, ಪ್ರಥಮ ಪಿಯುಗೆ ಶೇ. 45, ಆಂತರಿಕ ಮೌಲ್ಯಮಾಪನಕ್ಕೆ ಶೇ. 10 ಎಂದು ಹಂಚಿ ಅಂಕ ಕೊಟ್ಟರು. 2,239 ಮಂದಿಗೆ 600ಕ್ಕೆ 600 ಬಂತು, ಕಾಲೇಜಿನ ಮೂಲಕ ನೋಂದಾಯಿಸಿದ್ದ ಎಲ್ಲರೂ ತೇರ್ಗಡೆಯಾದರು. ಮರುವರ್ಷ ನಿಜವಾದ ಪರೀಕ್ಷೆ ನಡೆದಾಗ ತೇರ್ಗಡೆ ಶೇ. 61.88. ಹಿಂದಿನ ವರ್ಷದ ತಂಡದಲ್ಲಿ ಕೆಲವರು 2022ರ ಸಿಇಟಿಯನ್ನು ಮತ್ತೆ ಬರೆದಾಗ ಪರೀಕ್ಷಾ ಪ್ರಾಧಿಕಾರ ಅವರ ಪಿಯು ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವಿವಾದ ಹೈಕೋರ್ಟ್ ಮೆಟ್ಟಿಲೇರಿತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಒಪ್ಪಿದ ಸೂತ್ರದಂತೆ ಅವರ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯು ಅಂಕಗಳಿಂದ ಸರಾಸರಿ 6ರಂತೆ ಕಳೆದು ಹೊಸ ರ‍್ಯಾಂಕ್ ಪಟ್ಟಿ ಪ್ರಕಟವಾಯಿತು.

ಪ್ರವೇಶದ ಗಡುವು ಮೀರುತ್ತಿದ್ದಾಗ ಕಂಡುಕೊಂಡ ರಾಜಿ ಇದು ಎಂಬುದನ್ನು ಒಪ್ಪುತ್ತೇನೆ. ಆದರೆ ಸರಾಸರಿಗಳ ಅಂತರವನ್ನಷ್ಟೇ ಸರಿಪಡಿಸುವ ಇಂಥ ಸೂತ್ರ, ಎರಡು ವರ್ಷಗಳ ಅಂಕಗಳು ಒಂದೇ ರೀತಿ ಹರಡಿಕೊಂಡಿದ್ದಾಗ ಮಾತ್ರ ಹೊಂದುತ್ತದೆ. 2021ರಲ್ಲಿ ಅಂಕಗಳು ಮೇಲ್ತುದಿಯಲ್ಲಿ ಗುಂಪುಗೂಡಿದ್ದವು. ಅಲ್ಲಿ 95 ಪಡೆದವನಿಗೂ 100 ಪಡೆದವನಿಗೂ ಇರುವ ಅಂತರ ನಿಜವಾದ ಪರೀಕ್ಷೆಯಲ್ಲಿನ ಅಂತರಕ್ಕೆ ಸಮವಲ್ಲ. ವಾದ ನಡೆಯುತ್ತಿದ್ದಾಗ ಒಂದು ಕೊಂಡಿ ಕೈಯಳತೆಯಲ್ಲೇ ಇತ್ತು ಎಂಬುದು ನನ್ನ ಅಭಿಪ್ರಾಯ: ಎರಡೂ ತಂಡದವರು 2022ರಲ್ಲಿ ಬರೆದದ್ದು ಒಂದೇ ಸಿಇಟಿ ಪತ್ರಿಕೆ. ಮರಳಿ ಬರೆದವರಿಗೆ ಒಂದು ವರ್ಷದ ಹೆಚ್ಚಿನ ತಯಾರಿ ಇತ್ತು, ಆದ್ದರಿಂದ ಅದು ಶುದ್ಧ ಕೊಂಡಿಯಲ್ಲ. ಆದರೂ ಸಿಇಟಿಯಲ್ಲಿ ಸಮಾನ ಅಂಕ ಗಳಿಸಿದವರ ಪಿಯು ಅಂಕಗಳು ಎರಡು ವರ್ಷಗಳಲ್ಲಿ ಹೇಗೆ ಬೇರೆಯಾಗಿವೆ ಎಂದು ಮೇಲ್ತುದಿ, ನಡು, ಕೆಳತುದಿಗಳಲ್ಲಿ ಬಿಡಿಯಾಗಿ ನೋಡಲು ಅವಕಾಶವಿತ್ತು.

ಕೊಂಡಿ ಪ್ರಶ್ನೆಗಳನ್ನು ಇಡಲು ನಮ್ಮಲ್ಲಿ ಒಂದು ನಿಜವಾದ ತೊಡಕಿದೆ. ಪ್ರಶ್ನೆಪತ್ರಿಕೆಯನ್ನು ವಿದ್ಯಾರ್ಥಿ ಮನೆಗೆ ಒಯ್ಯುತ್ತಾನೆ, ಕೀ ಉತ್ತರಗಳಿಗೆ ಆಕ್ಷೇಪ ಸಲ್ಲಿಸುತ್ತಾನೆ. ಪರೀಕ್ಷಾರ್ಥಿ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿದಿದೆ. ಈ ಹಕ್ಕುಗಳನ್ನು ಬಿಟ್ಟುಕೊಡಬಾರದು. ನ್ಯೂಯಾರ್ಕ್ ರಾಜ್ಯ 1979ರಲ್ಲಿ ಪ್ರಶ್ನೆಪತ್ರಿಕೆ ಬಹಿರಂಗಪಡಿಸುವ ಕಾನೂನು ತಂದಾಗ ಅಂಕಕ್ಕೆ ಸೇರುವ ಪ್ರಶ್ನೆಗಳು ಹೊರಬಂದವು, ಅಂಕಕ್ಕೆ ಸೇರದ ಪ್ರಶ್ನೆಗಳನ್ನು ಗುಟ್ಟಾಗಿ ಇಟ್ಟುಕೊಳ್ಳಲು ಅವಕಾಶ ಉಳಿಯಿತು. ಎಸ್‌ಎಟಿಯ ಕೊಂಡಿ ಪ್ರಶ್ನೆಗಳು ಅಂಥ ವಿಭಾಗದಲ್ಲೇ ಇರುತ್ತಿದ್ದವು.

2024ರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಗಳಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ. ಅವುಗಳಲ್ಲಿ ಹೆಚ್ಚು ಬಂದ ಅಂಕವನ್ನು ವಿದ್ಯಾರ್ಥಿ ಉಳಿಸಿಕೊಳ್ಳಬಹುದು. ಮಕ್ಕಳ ಮೇಲಿನ ಒತ್ತಡ ಇಳಿಸುವ ಈ ಕ್ರಮ ಒಳ್ಳೆಯದೇ, ಆದರೆ ಆ ಪತ್ರಿಕೆಗಳ ಕಾಠಿಣ್ಯ ಸಮವಿದೆಯೇ ಎಂಬುದು ಈಗ ಪ್ರತಿ ವರ್ಷದ ಪ್ರಶ್ನೆ. ಒಂದೇ ವಿಷಯವನ್ನು ಎರಡು ಸಲ ಬರೆದವರ ಅಂಕಗಳು ಮಂಡಳಿಯ ಬಳಿಯೇ ಇರುತ್ತವೆ. ನಡುವಿನ ವಾರಗಳಲ್ಲಿ ಅವರು ಹೆಚ್ಚು ಓದಿರುತ್ತಾರೆ ಎಂಬುದನ್ನು ಗಮನದಲ್ಲಿಟ್ಟು ವಿಷಯವಾರು ಆ ಅಂಕಗಳನ್ನು ಹೋಲಿಸುವ ಕೆಲಸ, ಹೊಸ ಪ್ರಶ್ನೆಯೊಂದನ್ನೂ ಬರೆಯದೆ, ಈ ವರ್ಷವೇ ಆರಂಭಿಸಬಹುದಾದದ್ದು.