ಕೊಪ್ಪಳ ಜಿಲ್ಲೆಯಲ್ಲಿ ಡಿಮೆನ್ಷಿಯಾ ಅರಿವಿನ ಇತಿಹಾಸ

ಡಿಮೆನ್ಷಿಯಾ: ನೆನಪು, ಮಾತು, ವಿವೇಚನೆ ಬರಬರುತ್ತ ಕುಂದಿ ದಿನನಿತ್ಯದ ಬದುಕಿಗೇ ತೊಡಕಾಗುವ ಸ್ಥಿತಿ. ಇದಕ್ಕೆ ಮುಖ್ಯ ಕಾರಣವಾದ ಅಲ್ಜೈಮರ್ ಕಾಯಿಲೆಯನ್ನು ಜರ್ಮನಿಯ ವೈದ್ಯ ಅಲೋಯ್ಸ್ ಅಲ್ಜೈಮರ್ 1906ರಲ್ಲಿ ಮೊದಲು ವಿವರಿಸಿದರು. ನಾಡಿನ ಉಳಿದೆಡೆಯಂತೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲೂ ಇದನ್ನು ಮುಪ್ಪಿನ ಅರಳುಮರಳೆಂದೇ ಬಗೆಯಲಾಗುತ್ತಿತ್ತು.

ಚಿಕಿತ್ಸೆಯ ಹಾದಿ: 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ತಾಲ್ಲೂಕುಗಳು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದವು. ಮೆದುಳು, ಮನಸ್ಸಿನ ಕಾಯಿಲೆಗಳ ತಜ್ಞರು ಧಾರವಾಡದಲ್ಲಿ ಮತ್ತು 1974ರಲ್ಲಿ ರೂಪುಗೊಂಡ ಬೆಂಗಳೂರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್‌ನಲ್ಲಿದ್ದರು. ನೆರೆಯ ಬಳ್ಳಾರಿಯಲ್ಲಿ ನಿಮ್ಹಾನ್ಸ್ 1985ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಆರೋಗ್ಯ ಸೇವೆ ನಡೆಸಿತು. 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆದರೆ ಬಳ್ಳಾರಿ ಮಾದರಿಯ ಗಮನ ಮೂರ್ಛೆರೋಗ, ತೀವ್ರ ಮನೋರೋಗಗಳ ಮೇಲಿತ್ತು. ಮರೆವಿಗೆ ಸರದಿ ಬಂದದ್ದು ತಡವಾಗಿ. ಜಿಲ್ಲೆಯಲ್ಲೇ ಕೊಪ್ಪಳ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾದದ್ದು 2015ರಲ್ಲಿ. 2022ರಲ್ಲಿ ರಾಜ್ಯ ಸರ್ಕಾರ, ನಿಮ್ಹಾನ್ಸ್ ಮತ್ತು ನೀತಿ ಆಯೋಗ ಸೇರಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದವು. ಮೂರು ಜಿಲ್ಲೆಗಳಲ್ಲಿ ಶುರುವಾದ ಇದು ಮುಂದೆ ಇತರ ಜಿಲ್ಲಾ ಆಸ್ಪತ್ರೆಗಳಿಗೂ ಹಬ್ಬಿತು.

ಸಂಶೋಧನೆ: 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಹಳ್ಳಿಗರು, ಮಹಿಳೆಯರು, ಓದು ದಕ್ಕದವರಲ್ಲಿ ಪ್ರಮಾಣ ಹೆಚ್ಚು. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಧ್ಯಯನ ಮಾಡಿ, ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರುತ್ತದೆಂದು 2013ರಲ್ಲಿ ತೋರಿಸಿದರು. ಅಕ್ಷರ ಕಲಿಯದವರಲ್ಲೂ ಈ ವ್ಯತ್ಯಾಸ ಕಂಡಿತು. ಕನ್ನಡ, ಉರ್ದು, ತೆಲುಗು ಒಟ್ಟಿಗೆ ಬಾಳುವ ಗಂಗಾವತಿ ಸೀಮೆಗೆ ಇದು ಹತ್ತಿರದ ಮಾತು.

ತಡೆ ಮತ್ತು ಆರೈಕೆ: ಹಣ ಎಣಿಸುವಾಗ ಗೊಂದಲ, ಗುರುತಿನ ದಾರಿಯಲ್ಲೇ ದಿಕ್ಕು ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಮುನ್ಸೂಚನೆಗಳು. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಲ್ಲದು. ಹೀಗಾಗಿ ತಪಾಸಣೆ ತಡಮಾಡಬಾರದು. ಬಿಪಿ, ಸಕ್ಕರೆ ಕಾಯಿಲೆ, ಕಿವುಡು, ದೃಷ್ಟಿದೋಷ, ಧೂಮಪಾನ, ಒಂಟಿತನ ಸೇರಿ 14 ಅಪಾಯಕಾರಿ ಅಂಶಗಳನ್ನು ನಿವಾರಿಸಿದರೆ ಜಗತ್ತಿನ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಹೇಳಿದೆ. ಮರೆತ ಹಿರಿಯರನ್ನು ಗದರಿಸಬಾರದು, ಆರೈಕೆಯ ಹೊರೆಯನ್ನು ಮನೆಯ ಒಬ್ಬರ ಮೇಲೇ ಹೊರಿಸಬಾರದು. ನೆರವಿಗೆ ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇವೆ.