ಮಂತ್ರಿಮಂಡಲದ ಪಾಲು ಮತ್ತು ನಮ್ಮ ತಾಲೂಕುಗಳು

ಹೊಸ ಮಂತ್ರಿಮಂಡಲ ರಚಿತವಾಯಿತೆಂದರೆ ಪತ್ರಿಕೆಯನ್ನು ಕೈಗೆತ್ತಿಕೊಂಡವರು ಮೊದಲು ಅರಸುವುದು ತಮ್ಮ ಕಡೆಯವರ ಹೆಸರನ್ನು. ಇದನ್ನು ಸಣ್ಣತನವೆಂದು ನಾವು ಭಾವಿಸುವುದಿಲ್ಲ. ಹಲವು ಪಕ್ಷಗಳೋ ಹಲವು ಪ್ರಾಂತಗಳೋ ಕೂಡಿ ಆಳಬೇಕಾದಲ್ಲಿ, ಯಾರನ್ನು ಗಣನೆಗೆ ತಂದರು, ಯಾರನ್ನು ಬಿಟ್ಟರು ಎಂಬುದು ಸ್ಥಾನ ಮತ್ತು ಖಾತೆಗಳ ಹಂಚಿಕೆಯಿಂದಲೇ ತಿಳಿಯುತ್ತದೆ.

1956ರ ವರೆಗೆ ನಾರಾಯಣಖೇಡವೂ ಜಹೀರಾಬಾದವೂ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು, ಕೊಡಂಗಲ್ ಕಲಬುರ್ಗಿ ಜಿಲ್ಲೆಗೆ ಸೇರಿದ್ದವು. ಎಲ್ಲವೂ ಹೈದರಾಬಾದ್ ರಾಜ್ಯದ ಭಾಗ. 1952ರಲ್ಲಿ ಬೂರ್ಗುಲ ರಾಮಕೃಷ್ಣರಾಯರು ಅಲ್ಲಿ ರಚಿಸಿದ ಮಂತ್ರಿಮಂಡಲವು ಕಾಂಗ್ರೆಸ್ಸಿನದೇ ಆದರೂ, ತೆಲುಗು, ಮರಾಠಿ, ಕನ್ನಡ ಪ್ರಾಂತಗಳ ಕೂಟವೂ ಆಗಿತ್ತು. ಕನ್ನಡ ಭಾಗದ ಜಗನ್ನಾಥರಾವ್ ಚಂಡ್ರಿಕಿ, ಅಣ್ಣಾರಾವ್ ಗಣಮುಖಿ ಮೊದಲಾದವರು ಅದರಲ್ಲಿದ್ದರು. ನಮ್ಮ ಭಾಷೆಯಲ್ಲಿ ಅಹವಾಲು ಹೇಳಿಕೊಳ್ಳಬಹುದಾದ ಮಂತ್ರಿ ರಾಜಧಾನಿಯಲ್ಲಿದ್ದ ಕಾಲವದು.

ರಾಜ್ಯ ಪುನರ್ವಿಂಗಡಣೆಯ ಮಾತು ನಡೆಯುತ್ತಿದ್ದಾಗ, 1956ರ ಫೆಬ್ರವರಿ 20ರಂದು ದೆಹಲಿಯಲ್ಲಿ ಆಂಧ್ರ ಮತ್ತು ತೆಲಂಗಾಣದ ನಾಯಕರು ಒಂದು ಒಪ್ಪಂದಕ್ಕೆ ಬಂದರು. ‘ಪೆದ್ದಮನುಷುಲ ಒಪ್ಪಂದಂ’ ಎಂದು ತೆಲುಗಿನಲ್ಲಿ ಪ್ರಸಿದ್ಧವಾದುದು ಇದೇ. ಒಂದು ಕಡೆ ಬೆಜವಾಡ ಗೋಪಾಲರೆಡ್ಡಿ, ಸಂಜೀವರೆಡ್ಡಿ ಮುಂತಾದವರು. ಇನ್ನೊಂದು ಕಡೆ ಬೂರ್ಗುಲ, ಕೆ.ವಿ. ರಂಗಾರೆಡ್ಡಿ, ಮರ್ರಿ ಚೆನ್ನಾರೆಡ್ಡಿ, ಜೆ.ವಿ. ನರಸಿಂಗರಾವ್. ಮಂತ್ರಿಮಂಡಲದಲ್ಲಿ ಆಂಧ್ರಕ್ಕೆ ನೂರಕ್ಕೆ 60, ತೆಲಂಗಾಣಕ್ಕೆ 40 ಪಾಲು. ಈ 40ರಲ್ಲಿ ತೆಲಂಗಾಣದ ಒಬ್ಬ ಮುಸಲ್ಮಾನರು ಇರತಕ್ಕದ್ದು. ಮುಖ್ಯಮಂತ್ರಿ ಒಂದು ಪ್ರಾಂತದವರಾದರೆ ಉಪಮುಖ್ಯಮಂತ್ರಿ ಇನ್ನೊಂದರವರು. ಗೃಹ, ಹಣಕಾಸು, ಕಂದಾಯ, ಯೋಜನೆ, ವಾಣಿಜ್ಯ ಮತ್ತು ಕೈಗಾರಿಕೆ ಎಂಬ ಐದು ಖಾತೆಗಳಲ್ಲಿ ಎರಡು ತೆಲಂಗಾಣಕ್ಕೆ. ತೆಲಂಗಾಣದ ಆಡಳಿತದಲ್ಲಿ ಉರ್ದುವಿಗಿದ್ದ ಸ್ಥಾನವು ಐದು ವರ್ಷ ಮುಂದುವರಿಯಬಹುದೆಂದೂ ಬರೆದರು.

ಕನ್ನಡದ ಹೆಸರು ಅದರಲ್ಲೆಲ್ಲಿಯೂ ಇಲ್ಲ. ನಾಯಕರನ್ನು ದೂರುವುದು ಸುಲಭ. ಆದರೆ ಆಗ ನಮ್ಮ ತಾಲೂಕುಗಳು ಎತ್ತ ಸೇರುವುವೆಂಬುದು ಇನ್ನೂ ಕಾಯಿದೆಯಾಗಿರಲಿಲ್ಲ. ಕಾಯಿದೆ ಬಂದುದು ಆಗಸ್ಟಿನಲ್ಲಿ. ಪಾಲು ಮೊದಲೇ ಮುಗಿದಿತ್ತು, ನಾವು ಆಮೇಲೆ ಮನೆಯೊಳಗೆ ಬಂದೆವು! ಜಹೀರಾಬಾದ್ ತಾಲೂಕಿನ ನಿರ್ಣಾ ಸರ್ಕಲ್ ಮಾತ್ರ ಬೀದರದಲ್ಲಿ ಉಳಿಯಿತು.

ನವೆಂಬರ್ 1ರಂದು ಸಂಜೀವರೆಡ್ಡಿಯವರು ಆಂಧ್ರಪ್ರದೇಶದ ಮುಖ್ಯಮಂತ್ರಿಗಳಾದರು, ಉಪಮುಖ್ಯಮಂತ್ರಿಯನ್ನು ನೇಮಿಸಲಿಲ್ಲ. ಆ ಸ್ಥಾನವು ಕೈಗೆ ಆರನೆಯ ಬೆರಳಿದ್ದಂತೆ ಎಂದು ಅವರು ಹೇಳಿದರೆಂಬುದು ಪ್ರಸಿದ್ಧ. ಒಪ್ಪಂದ ಮುರಿಯಿತೆಂಬ ಅಸಮಾಧಾನವು ಬೆಳೆದು 1969ರ ತೆಲಂಗಾಣ ಚಳವಳಿಗೆ ಒಂದು ಕಾರಣವಾಯಿತು. ಬರೆದಿಟ್ಟ ಪಾಲೇ ದಕ್ಕದವರ ನೆರೆಯಲ್ಲಿ, ಬರೆಯದ ಪಾಲನ್ನು ನಾವು ಯಾರಲ್ಲಿ ಕೇಳಬೇಕಿತ್ತು?

ಗಡಿಯಾಚೆಯದನ್ನೂ ನೋಡೋಣ. 2018ರಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ ಮತ್ತು ಜನತಾದಳ (ಜಾತ್ಯತೀತ) ಕೂಡಿ ಕುಮಾರಸ್ವಾಮಿಯವರ ಸಮ್ಮಿಶ್ರ ಸರಕಾರವನ್ನು ರಚಿಸಿದವು. 34 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 22, ದಳಕ್ಕೆ 12 ಎಂದು ನಿಶ್ಚಯವಾಯಿತು. ಬೀದರ ಜಿಲ್ಲೆಯಿಂದ ದಳದ ಬಂಡೆಪ್ಪ ಖಾಶೆಂಪುರ, ಕಾಂಗ್ರೆಸ್ಸಿನ ರಾಜಶೇಖರ ಪಾಟೀಲರು ಮಂತ್ರಿಗಳಾದರು. ಆ ಸರಕಾರ ಬಾಳಿದ್ದು ಹದಿನಾಲ್ಕು ತಿಂಗಳು. ಆದರೂ ನಿರ್ಣಾದ ರೈತನಿಗೆ ತನ್ನ ಜಿಲ್ಲೆಯ ಮಂತ್ರಿಗಳಿದ್ದರು. ಇತ್ತ ಜಹೀರಾಬಾದಿನ ಅವನ ನಂಟರಿಗೆ ಅವರು ಪರರಾಜ್ಯದವರು.

2023ರ ಡಿಸೆಂಬರಿನಲ್ಲಿ ಕೊಡಂಗಲ್ಲಿನ ಶಾಸಕ ರೇವಂತ ರೆಡ್ಡಿಯವರು ತೆಲಂಗಾಣದ ಮುಖ್ಯಮಂತ್ರಿಗಳಾದರು. ಒಮ್ಮೆ ಕಲಬುರ್ಗಿ ಜಿಲ್ಲೆಯದಾಗಿದ್ದ ತಾಲೂಕಿಗೆ ಮಂತ್ರಿಮಂಡಲದ ಮೊದಲ ಪೀಠವೇ ಬಂದಿತು. ಅದು ತಾಲೂಕಿಗೆ ಬಂದ ಪಾಲು, ಭಾಷೆಗೆ ಬಂದುದಲ್ಲ.

ಭಾಷೆಯ ಪಾಲಿಗೆ ದೊರೆತುದು ಬೇರೊಂದು. 1956ರಲ್ಲಿಯೇ ಏಳನೆಯ ತಿದ್ದುಪಡಿಯು ಸಂವಿಧಾನಕ್ಕೆ 350-ಎ ವಿಧಿಯನ್ನು ಸೇರಿಸಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧಿಸಲು ರಾಜ್ಯಗಳು ತಕ್ಕ ಅನುಕೂಲ ಒದಗಿಸಲು ಯತ್ನಿಸಬೇಕು. ಕನ್ನಡ ಶಾಲೆಗೆ ಅಧ್ಯಾಪಕರು ಬೇಕೆಂದು ಅರ್ಜಿ ಬರೆಯುವಾಗ ನಾವು ಮೊದಲ ಸಾಲಿನಲ್ಲಿ ಕಾಣಿಸುವುದು ಈ ವಿಧಿಯ ಸಂಖ್ಯೆಯನ್ನೇ.