ಬಂಪರಿನ ಬಿರುಕು

ಅಂಬಾಸಿಡರ್ ಗಾಡಿಯ ಬಂಪರನ್ನು ಕಂಡವರಿಗೆ ಅದರ ಠೀವಿಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಉತ್ತರಪಾರದ ಕಾರಖಾನೆಯಿಂದ 1958ರಿಂದ 2014ರವರೆಗೆ ಹೊರಬಂದ ಆ ಗಾಡಿಗೆ ಬಹುಕಾಲ ಉಕ್ಕಿನ ದಪ್ಪ ಪಟ್ಟಿಯೇ ಬಂಪರು. ಮೇಲೆ ಕ್ರೋಮಿಯಂ ಲೇಪ, ಎದುರು ನಿಂತು ತಲೆ ಬಾಚಿಕೊಳ್ಳಬಹುದಾದಷ್ಟು ಹೊಳಪು. ಗೋಡೆಗೆ ತಗುಲಿದರೆ ಸೊಟ್ಟಗಾಗುತ್ತಿತ್ತು, ತಗ್ಗು ಬೀಳುತ್ತಿತ್ತು, ತುಕ್ಕು ಹಿಡಿಯುತ್ತಿತ್ತು. ಬಿರುಕು ಬಿಟ್ಟಿತೆಂಬ ಮಾತನ್ನು ಮಾತ್ರ ನಾನು ಕೇಳಿದ್ದಿಲ್ಲ. ಸೊಟ್ಟಗಾದುದನ್ನು ಟಿಂಕರಿಂಗ್‌ನವರು ಬಿಚ್ಚಿ, ದಿಮ್ಮಿಯ ಮೇಲಿಟ್ಟು ಬಡಿದು ನೇರ ಮಾಡುತ್ತಿದ್ದರು. ಅದು ಕಮ್ಮಾರನ ವಿದ್ಯೆ. ಗಾಡಿಯ ಯಜಮಾನನಾದವನು ಪಕ್ಕದಲ್ಲಿ ನಿಂತು ನೋಡಬೇಕು, ಕೊನೆಗೆ ಹಣ ಕೊಡಬೇಕು, ಅಷ್ಟೆ.

ಇಂದಿನ ಬಂಪರಿನ ಬಿರುಕನ್ನು ಅದೇ ಯಜಮಾನ ತನ್ನ ಮನೆಯ ಜಗಲಿಯ ಮೇಲೆ ಕುಳಿತು ಬೆಸೆದುಕೊಳ್ಳಬಹುದು. ಇದು ಸಾಧ್ಯವಾದ ಬಗೆ ಸಣ್ಣದೊಂದು ಇತಿಹಾಸ.

ಉಕ್ಕಿನ ಪಟ್ಟಿಗೆ ಮೊದಲ ಪೆಟ್ಟು ಬಿದ್ದುದು ಅಮೆರಿಕದಲ್ಲಿ. 1968ರ ಪಾಂಟಿಯಾಕ್ ಜಿ.ಟಿ.ಓ. ಗಾಡಿಯ ಮೂತಿಗೆ ಬಣ್ಣ ಬಳಿದ ಮೆತ್ತನೆಯ ಪ್ಲಾಸ್ಟಿಕ್ ಹೊದಿಕೆಯನ್ನು ಹಾಕಿ, ಅದನ್ನು ಸುತ್ತಿಗೆಯಿಂದ ಬಡಿದು ತೋರಿಸುವ ಜಾಹೀರಾತುಗಳನ್ನು ಹೊರಡಿಸಿದರು. 1972ರ ಆರಂಭದಲ್ಲಿ ಫ್ರಾನ್ಸಿನ ರೆನೋ 5 ಎಂಬ ಪುಟ್ಟ ಗಾಡಿ ಗಾಜಿನ ನಾರು ಬೆರೆಸಿದ ಪಾಲಿಯೆಸ್ಟರಿನ ಬಂಪರು ತೊಟ್ಟು ಬಂದಿತು. ಅದರ ರೂಪವನ್ನು ಬರೆದ ಮಿಶೆಲ್ ಬೂವೆ ಆ ವರ್ಷವೇ ತೀರಿಕೊಂಡ. ಆ ಗಾಡಿ ಲಕ್ಷಗಟ್ಟಲೆ ಮಾರಾಟವಾದುದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. 1973ರ ಮಾದರಿಗಳಿಂದ ಮುಂದೆ, ಗಂಟೆಗೆ ಐದು ಮೈಲಿ ವೇಗದ ಡಿಕ್ಕಿಯನ್ನು ಮುಂಬದಿಯ ಬಂಪರು ತಡೆಯಬೇಕೆಂದು ಅಮೆರಿಕದ ಸರಕಾರ ಕಟ್ಟಳೆ ಮಾಡಿತು. ಅದೇ ವರ್ಷ ಎಣ್ಣೆಯ ಬೆಲೆಯೂ ಏರಿತು. ಪೆಟ್ಟು ತಡೆಯಬೇಕು, ತೂಕವೂ ಇಳಿಯಬೇಕು ಎಂದಾಗ ಪ್ಲಾಸ್ಟಿಕ್ಕಿಗೆ ದಾರಿ ತೆರೆಯಿತು.

ಆದರೆ ಪ್ಲಾಸ್ಟಿಕ್ ಎಂಬುದು ಒಂದೇ ಜಾತಿಯಲ್ಲ. ನಮ್ಮ ಹಳೆಯ ಮನೆಗಳ ಕಪ್ಪು ಸ್ವಿಚ್ಚುಗಳು ಬೇಕ್‌ಲೈಟಿನವು. ಅದನ್ನು 1907ರಲ್ಲಿ ಕಂಡುಹಿಡಿದವನು ಲಿಯೋ ಬೇಕ್‌ಲೆಂಡ್. ಒಮ್ಮೆ ಕಾಸಿ ಅಚ್ಚಿಗಿಳಿಸಿದ ಮೇಲೆ ಅದು ಮತ್ತೆ ಕರಗದು. ಇಟ್ಟಿಗೆಯಂತೆ ಸುಟ್ಟು ಗಟ್ಟಿಯಾದ ಪದಾರ್ಥ. ಒಡೆದರೆ ಒಡೆಯಿತು. ರೆನೋ ಗಾಡಿಯ ಪಾಲಿಯೆಸ್ಟರೂ ಇದೇ ಪಂಗಡದ್ದು, ಕಾಸಿ ಬೆಸೆಯಲು ಬಾರದು. ಬೆಣ್ಣೆಯಂತೆ ಕರಗಿ ಮತ್ತೆ ಹೆಪ್ಪುಗಟ್ಟುವ, ಆದರೂ ಬಿಸಿಲಿಗೆ ಜಗ್ಗದ, ಅಗ್ಗದ ವಸ್ತುವೊಂದು ಬೇಕಿತ್ತು.

ಅದು ದೊರೆತುದು ಇಟಲಿಯ ಮಿಲಾನ್ ನಗರದಲ್ಲಿ. ಜರ್ಮನಿಯ ಕಾರ್ಲ್ ಜೀಗ್ಲರ್ 1953ರಲ್ಲಿ ಕಂಡುಕೊಂಡಿದ್ದ ವೇಗವರ್ಧಕವೊಂದನ್ನು ಜೂಲಿಯೋ ನಟ್ಟಾ ಎಂಬ ಪ್ರಾಧ್ಯಾಪಕರು ಪ್ರೊಪಿಲೀನ್ ಅನಿಲದ ಮೇಲೆ ಪ್ರಯೋಗಿಸಿ ನೋಡಿದರು. ಎಣ್ಣೆ ಶುದ್ಧೀಕರಿಸುವ ಕಾರಖಾನೆಗಳಲ್ಲಿ ಅಗ್ಗವಾಗಿ ಸಿಗುತ್ತಿದ್ದ ಅನಿಲ ಅದು. 1954ರ ಮಾರ್ಚ್ 11ರಂದು ಪಾಲಿಪ್ರೊಪಿಲೀನ್ ಕೈಗೆ ಬಂದುದನ್ನು ಅವರು ತಮ್ಮ ದಿನಚರಿಯಲ್ಲಿ ಎರಡು ಮೂರು ಮಾತುಗಳಲ್ಲಿ ಗುರುತು ಹಾಕಿಕೊಂಡರು. ಅಮೆರಿಕದ ಹೋಗನ್ ಮತ್ತು ಬ್ಯಾಂಕ್ಸ್ ಎಂಬಿಬ್ಬರು 1951ರಲ್ಲಿಯೇ ಇದನ್ನು ಪಡೆದಿದ್ದರು. ಹಕ್ಕು ಯಾರದೆಂಬ ವ್ಯಾಜ್ಯ ಅಮೆರಿಕದಲ್ಲಿ ತೀರಿ ಪೇಟೆಂಟು ಕೊಟ್ಟುದು 1983ರಲ್ಲಿ! ಅದಿರಲಿ. ನಟ್ಟಾ ಅವರ ಹೆಚ್ಚುಗಾರಿಕೆ ಪದಾರ್ಥದ ಒಳರಚನೆಯನ್ನು ಬಿಡಿಸಿ ಹೇಳಿದುದರಲ್ಲಿದೆ. ಅದರ ಉದ್ದ ಸರಪಳಿಯ ಅಣುವಿನಲ್ಲಿ ಪಕ್ಕಕ್ಕೆ ಚಾಚಿಕೊಂಡ ಕವಲುಗಳೆಲ್ಲ ಪಂಕ್ತಿಯಲ್ಲಿ ಊಟಕ್ಕೆ ಕುಳಿತವರಂತೆ ಒಂದೇ ಕಡೆಗೆ ಮುಖ ಮಾಡಿರುತ್ತವೆ. ಈ ಶಿಸ್ತಿನಿಂದಲೇ ಅದು ಹರಳುಗಟ್ಟುತ್ತದೆ, ನೂರರವತ್ತು ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕರಗುವುದಿಲ್ಲ. ಪಂಕ್ತಿ ಕೆಟ್ಟರೆ ಬರಿಯ ಅಂಟು. ಇದಕ್ಕೆ 'ಐಸೋಟ್ಯಾಕ್ಟಿಕ್' ಎಂಬ ಗ್ರೀಕ್ ಮೂಲದ ಹೆಸರನ್ನು ಸೂಚಿಸಿದವರು ನಟ್ಟಾ ಅವರ ಪತ್ನಿ ರೊಸೀಟಾ. ಆಕೆ ಓದಿದ್ದು ಸಾಹಿತ್ಯ. ಭಾಷೆ ಬಲ್ಲ ಹೆಂಡತಿಯಿದ್ದರೆ ವಿಜ್ಞಾನಿಗೆ ಎಷ್ಟು ಅನುಕೂಲ! 1963ರಲ್ಲಿ ಜೀಗ್ಲರ್ ಮತ್ತು ನಟ್ಟಾ ಇಬ್ಬರಿಗೂ ಕೂಡಿಯೇ ನೊಬೆಲ್ ಪಾರಿತೋಷಕ ಬಂದಿತು. ಪಾರ್ಕಿನ್ಸನ್ ರೋಗದಿಂದ ನಡುಗುತ್ತಿದ್ದ ನಟ್ಟಾ ಮಗನ ಆಸರೆಯಿಂದ ಸಮಾರಂಭಕ್ಕೆ ಹೋದರು.

ಬರಿಯ ಪಾಲಿಪ್ರೊಪಿಲೀನ್ ಚಳಿಗೆ ಪೆಡಸಾಗುತ್ತದೆ. ಅದಕ್ಕೆ ರಬ್ಬರು ಬೆರೆಸಿದರು, ಬಿಗಿ ಬರಲೆಂದು ಬಳಪದ ಪುಡಿಯನ್ನೂ ಸೇರಿಸಿದರು. ಈಗಿನ ಬಹುಪಾಲು ಬಂಪರುಗಳ ಪಾಕ ಇದೇ.

ಈ ಪದಾರ್ಥವನ್ನು ಬೆಸೆಯುವ ಕಲೆಯನ್ನು ನಮಗೆ ಕಾರಖಾನೆಯ ಕೈಪಿಡಿಗಳು ಕಲಿಸಬೇಕಾಗಿರಲಿಲ್ಲ. ಪ್ಲಾಸ್ಟಿಕ್ ಕೊಡ, ಬಕೆಟ್ಟುಗಳು ಬಳಕೆಗೆ ಬಂದ ಮೇಲೆ ಬೀದಿಯಲ್ಲಿ ಕೂಗುತ್ತ ಬರುತ್ತಿದ್ದ ರಿಪೇರಿಯವರು ನೆನಪಿರಬಹುದು. ಕೆಂಡದಲ್ಲಿ ಕಾಸಿದ ಕಬ್ಬಿಣದ ಸಲಾಕೆ, ಚೀಲದ ತುಂಬ ಒಡಕು ಪ್ಲಾಸ್ಟಿಕ್ಕಿನ ಚೂರುಗಳು. ಸೀಳಿದ ಕೊಡಕ್ಕೆ ಅದೇ ಜಾತಿಯ ಚೂರನ್ನು ಆರಿಸಿ, ಎರಡನ್ನೂ ಕರಗಿಸಿ ಒಂದಾಗಿಸುತ್ತಿದ್ದರು. ಬಣ್ಣ ಹೊಂದುತ್ತಿರಲಿಲ್ಲ, ನೀರು ಸೋರುತ್ತಿರಲಿಲ್ಲ. ಸಜಾತಿಯಲ್ಲದ ಪ್ಲಾಸ್ಟಿಕ್ ಬೆರೆಯದೆಂಬುದು ಅವರಿಗೆ ಹೊಗೆಯ ವಾಸನೆಯಿಂದಲೇ ತಿಳಿಯುತ್ತಿತ್ತು. ಕಲಾಯಿಯವರಿಗೆ ಸಿಕ್ಕಷ್ಟು ಸ್ಥಳವೂ ನಮ್ಮ ಬರೆಹಗಳಲ್ಲಿ ಇವರಿಗೆ ಸಿಕ್ಕಿಲ್ಲ.

ನನ್ನ ಗಾಡಿಯ ಬಂಪರು ಗೇಟಿನ ಕಂಬಕ್ಕೆ ತಗುಲಿ ಒಂದು ಗೇಣು ಸೀಳಿದಾಗ, ಗ್ಯಾರೇಜಿನವರು ಇಡೀ ಬಂಪರನ್ನೇ ಬದಲಿಸಬೇಕೆಂದರು. ಬಿಚ್ಚಿ ಮನೆಗೆ ತಂದೆ. ಒಳಮೈಯಲ್ಲಿ ಪದಾರ್ಥದ ಗುರುತನ್ನು ಅಚ್ಚೊತ್ತಿರುತ್ತಾರೆ; ನನ್ನದರಲ್ಲಿ 'ಪಿ. ಪಿ.' ಎಂಬ ಅಕ್ಷರಗಳಿದ್ದವು, ಎಂದರೆ ನಟ್ಟಾ ಅವರ ಪಾಲಿಪ್ರೊಪಿಲೀನ್. ಗೋಂದುಗಳೊಂದೂ ಇದಕ್ಕೆ ನೆಟ್ಟಗೆ ಹಿಡಿಯವು. ಸೋಪಿನಿಂದ ತೊಳೆದು, ಬಿರುಕಿನ ತುದಿಯಲ್ಲಿ ಬೈರಿಗೆಯಿಂದ ಸಣ್ಣ ತೂತು ಕೊರೆದೆ. ಬಿರುಕು ನಿಲ್ಲಿಸಲು ಇನ್ನೊಂದು ತೂತೇ? ಇಂಗ್ಲೆಂಡಿನ ಸಿ. ಇ. ಇಂಗ್ಲಿಸ್ 1913ರಲ್ಲಿ ಹಡಗು ಕಟ್ಟುವವರಿಗಾಗಿ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ: ತುದಿ ಚೂಪಾದಷ್ಟೂ ಅಲ್ಲಿ ಸೆಳೆತ ಹೆಚ್ಚು, ತುದಿಯನ್ನು ದುಂಡಗೆ ಮಾಡಿದರೆ ಸೆಳೆತ ಇಳಿಯುತ್ತದೆ. ಆಮೇಲೆ ಒಳಮೈಯಲ್ಲಿ ಬಿರುಕಿನುದ್ದಕ್ಕೂ ಗೀರಿ ಕಾಲುವೆ ಮಾಡಿ, ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಕಡ್ಡಿಯಿಂದ ಸ್ಟೀಲಿನ ಜಾಲರಿಯನ್ನು ಕಾಸಿ ಹುದುಗಿಸಿದೆ. ಗುಜರಿಯಿಂದ ತಂದ ಅದೇ ಗುರುತಿನ ಬಂಪರಿನ ಚೂರನ್ನು ಮೇಲೆ ಕರಗಿಸಿ ತುಂಬಿದೆ. ಹೊಗೆಯೇಳುವಷ್ಟು ಕಾಸಬಾರದು, ಹೊಗೆ ಬಂದರೆ ಪ್ಲಾಸ್ಟಿಕ್ ಸುಟ್ಟು ಬಲ ಕಳೆದುಕೊಳ್ಳುತ್ತದೆ, ಆ ಹೊಗೆ ಮೈಗೂ ಒಳ್ಳೆಯದಲ್ಲ. ಹೊರಮೈಯನ್ನೂ ಹಾಗೆಯೇ ತುಂಬಿ, ಉಪ್ಪುಕಾಗದದಿಂದ ಉಜ್ಜುವುದರಲ್ಲಿ ಒಂದು ಭಾನುವಾರ ಕಳೆಯಿತು. ಬಣ್ಣದ ಕೆಲಸ ಬೇರೆಯೇ ಪುರಾಣ. ಈ ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರನ್ನು ಮೊದಲು ಬಳಿಯದಿದ್ದರೆ ಬಣ್ಣ ಸಿಪ್ಪೆ ಸುಲಿದಂತೆ ಏಳುತ್ತದೆ.

ಬಿರುಕು ಬಿಡುವ ಬಂಪರಿನ ಮೇಲೆ ನಮ್ಮವರಿಗೆ ನಂಬಿಕೆ ಬರಲು ಬಹಳ ಕಾಲ ಹಿಡಿಯಿತು. ಪ್ಲಾಸ್ಟಿಕ್ಕನ್ನು ಕಾಪಾಡಲೆಂದು ಅದರ ಮುಂದೆ ಕಬ್ಬಿಣದ ಕೊಳವೆಯ ಗಾರ್ಡು ಹಾಕಿಸಿಕೊಂಡರು. ಬಿಟ್ಟುಹೋದ ಉಕ್ಕು ಹೀಗೆ ಹಿಂಬಾಗಿಲಿನಿಂದ ಬಂದಿತು. ಆ ಕೊಳವೆ ದಾರಿಹೋಕನ ಮೊಳಕಾಲನ್ನು ಮುರಿಯಬಲ್ಲುದು. 2017ರ ಡಿಸೆಂಬರಿನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಇಂಥ ಗಾರ್ಡುಗಳ ವಿರುದ್ಧ ಕ್ರಮ ಕೈಕೊಳ್ಳುವಂತೆ ರಾಜ್ಯಗಳಿಗೆ ಬರೆಯಿತು.

ಅಂಬಾಸಿಡರಿನ ಬಂಪರಿಗೆ ಏಟು ಬಿದ್ದರೆ ಆ ಏಟು ಎಷ್ಟೆಂಬುದಕ್ಕೆ ತಗ್ಗೇ ಸಾಕ್ಷಿಯಾಗಿರುತ್ತಿತ್ತು. ಪ್ಲಾಸ್ಟಿಕ್ ಹಾಗಲ್ಲ, ಒಳಕ್ಕೆ ಬಾಗಿ, ಪೆಟ್ಟನ್ನು ಹಿಂದಕ್ಕೆ ದಾಟಿಸಿ, ಮತ್ತೆ ಮೊದಲಿನಂತೆ ನಿಲ್ಲುತ್ತದೆ. ಪೆಟ್ಟು ತಡೆಯುವ ನಿಜವಾದ ಬಂಪರು ಅದರ ಹಿಂದಿರುವ ಲೋಹದ ತೊಲೆ. ನಡುವೆ ಪೆಟ್ಟು ಹೀರುವ ನೊರೆಪ್ಲಾಸ್ಟಿಕ್ಕಿನ ದಿಂಬು. ಹೊರಗಿನ ಚರ್ಮವನ್ನು ಹೊಳೆಯುವಂತೆ ಬೆಸೆದು, ಒಳಗೆ ತೊಲೆ ಬಾಗಿದ್ದರೆ, ಮುಂದಿನ ಡಿಕ್ಕಿಯ ದಿನ ಗಾಡಿಯಲ್ಲಿ ಕುಳಿತವರ ಗತಿಯೇನು? ಹಾಗಾಗಿ ಸೋಲ್ಡರಿಂಗ್ ಕಡ್ಡಿಯನ್ನು ಕಾಯಲಿಡುವುದಕ್ಕೆ ಮೊದಲೇ ನಾನು ಆ ತೊಲೆಯ ಮೇಲೆ ದಾರ ಹಿಡಿದು ಎರಡು ಕಡೆಯ ಅಂತರವನ್ನೂ ಅಳೆದು ನೋಡಿದೆ, ಬೋಲ್ಟುಗಳ ಸುತ್ತ ಬಣ್ಣ ಸೀಳಿದೆಯೇ ಎಂದು ಟಾರ್ಚು ಬಿಟ್ಟು ಹುಡುಕಿದೆ. ದಿಂಬು ಒಂದು ಕಡೆ ಜಜ್ಜಿತ್ತು. ಅದನ್ನು ಮಾತ್ರ ಹೊಸದು ತರಿಸಿದೆ.